ಲೇಖಕರ ಸಂಘದ ಚುನಾವಣೆಗೆ ನಿಲ್ಲುವವರಿಗೆ: ಮಾಧ್ಯಮ ಬದಲಾಗುತ್ತಿರುವ ಹೊತ್ತಿನ ಮಾರ್ಗದರ್ಶಿ

ಬರಹವನ್ನು ಓದುಗರಿಗೆ, ಕೇಳುಗರಿಗೆ, ನೋಡುಗರಿಗೆ ತಲುಪಿಸುವ ಸಾಧನ ಬದಲಾದಾಗಲೆಲ್ಲ ಬರೆದವರಿಗೆ ಸಲ್ಲಬೇಕಾದ ಹಣದ ಲೆಕ್ಕವೂ ಹೊಸದಾಗಿ ನಿಗದಿಯಾಗುತ್ತದೆ. ಆ ಮಾತುಕತೆಯಲ್ಲಿ ಲೇಖಕರ ಪರವಾಗಿ ಯಾರು ಕುಳಿತಿರಬೇಕೆಂಬುದನ್ನು ತೀರ್ಮಾನಿಸುವುದು ಸಂಘದ ಚುನಾವಣೆ. ಹಾಗಿದ್ದರೂ ಅನೇಕ ಸಂಘಗಳಲ್ಲಿ ಈ ಚುನಾವಣೆ ಪರಿಚಯ, ಹಿರಿತನ ಮತ್ತು ಸ್ನೇಹದ ಬಲದ ಮೇಲೆಯೇ ನಡೆದುಹೋಗುತ್ತದೆ. ಗೆದ್ದವರು ಮಾತುಕತೆಯ ಮೇಜಿಗೆ ಹೋದ ಮೇಲೆಯೇ ಒಪ್ಪಂದವನ್ನು ಮೊದಲ ಬಾರಿಗೆ ಪೂರ್ತಿ ಓದುವ ಪರಿಸ್ಥಿತಿ ಬರುತ್ತದೆ. ಪುಸ್ತಕ, ಪತ್ರಿಕೆ, ಸಿನಿಮಾ, ಧಾರಾವಾಹಿ, ರೇಡಿಯೊ ನಾಟಕ, ಆಡಿಯೊ ಕಥನ, ಹೀಗೆ ಯಾವುದೇ ಕ್ಷೇತ್ರದಲ್ಲಿ ಬರೆಯುತ್ತಿದ್ದು, ತಮ್ಮ ಸಂಘದ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಅಥವಾ ಕಾರ್ಯಕಾರಿ ಸಮಿತಿಯ ಸದಸ್ಯ ಸ್ಥಾನಕ್ಕೆ ನಿಲ್ಲಬೇಕೆಂದು ಯೋಚಿಸುತ್ತಿರುವವರಿಗಾಗಿ ಈ ಲೇಖನ.

ಇದರ ಉದ್ದಕ್ಕೂ ನಾನು ಒತ್ತಿ ಹೇಳುವುದು ಒಂದನ್ನೇ. ಹೊಸ ತಂತ್ರಜ್ಞಾನದ ಬಗೆಗಿನ ಭಯವನ್ನೋ ಉತ್ಸಾಹವನ್ನೋ ಮುಂದಿಟ್ಟು ಮತ ಕೇಳಬೇಡಿ. ಒಪ್ಪಂದದಲ್ಲಿ ಯಾವ ವಾಕ್ಯ ಸೇರಬೇಕು, ಯಾವ ವಾಕ್ಯ ಬದಲಾಗಬೇಕು ಎಂಬುದನ್ನು ಮುಂದಿಟ್ಟು ಕೇಳಿ.

ಯಾವ ಸ್ಥಾನಕ್ಕೆ ನಿಲ್ಲಬೇಕು

ಮೊದಲು ನಿಮ್ಮ ಸಮಯವನ್ನು ಪ್ರಾಮಾಣಿಕವಾಗಿ ಅಳೆದುಕೊಳ್ಳಿ. ಅಧ್ಯಕ್ಷರು ಸಂಘದ ಮುಖವಾಗಿ ಮಾತನಾಡುತ್ತಾರೆ, ಮಾತುಕತೆಯ ನೇತೃತ್ವ ವಹಿಸುತ್ತಾರೆ. ಆದರೆ ದಿನನಿತ್ಯದ ಕೆಲಸದ ಹೊರೆ ಸಾಮಾನ್ಯವಾಗಿ ಕಾರ್ಯದರ್ಶಿಯ ಮೇಲೆ ಬೀಳುತ್ತದೆ. ಖಜಾಂಚಿಯ ಸ್ಥಾನವನ್ನು ಹಲವರು ಹಗುರವಾಗಿ ನೋಡುತ್ತಾರೆ. ಮುಷ್ಕರ ನಡೆಸುವ, ವಕೀಲರನ್ನು ನೇಮಿಸುವ, ಕಷ್ಟದಲ್ಲಿರುವ ಸದಸ್ಯರಿಗೆ ನೆರವಾಗುವ ಶಕ್ತಿ ಸಂಘಕ್ಕೆ ಎಷ್ಟಿದೆ ಎಂಬುದು ಆ ಸ್ಥಾನದಲ್ಲಿ ಕುಳಿತವರಿಗೆ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಸಂಘದ ಕೆಲಸದಲ್ಲಿ ಈವರೆಗೆ ತೊಡಗಿಕೊಂಡಿಲ್ಲದವರು ಮೊದಲು ಕಾರ್ಯಕಾರಿ ಸಮಿತಿಗೋ ಒಪ್ಪಂದದ ಉಪಸಮಿತಿಗೋ ಹೋಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಒಂದು ಅವಧಿ ಅಲ್ಲಿ ಕುಳಿತವರಿಗೆ ಎದುರು ಪಕ್ಷದವರು ಯಾವ ಮಾತಿಗೆ ಮಣಿಯುತ್ತಾರೆ, ಯಾವ ಮಾತನ್ನು ಮುಂದೂಡುತ್ತಾರೆ ಎಂಬುದು ತಿಳಿದಿರುತ್ತದೆ.

ಹಿತಾಸಕ್ತಿಯ ಪ್ರಶ್ನೆಯನ್ನೂ ಆಗಲೇ ಇತ್ಯರ್ಥ ಮಾಡಿಕೊಳ್ಳಬೇಕು. ಬರಹಗಾರರಾಗಿದ್ದೇ ನಿರ್ಮಾಪಕರೂ ಪ್ರಕಾಶಕರೂ ಸಂಪಾದಕರೂ ಆಗಿರುವವರು ಎಲ್ಲ ಸಂಘಗಳಲ್ಲೂ ಇದ್ದಾರೆ. ಅದು ತಪ್ಪಲ್ಲ. ಆದರೆ ಇತರ ಲೇಖಕರಿಗೆ ಸಂಭಾವನೆ ಕೊಡುವ ಕೈ ನಿಮ್ಮದಾಗಿದ್ದರೆ, ಅಥವಾ ಬರವಣಿಗೆಯ ತಂತ್ರಾಂಶ ಮಾರುವ ಕಂಪನಿಗೆ ನೀವು ಸಲಹೆಗಾರರಾಗಿದ್ದರೆ, ಅದನ್ನು ನಾಮಪತ್ರ ಸಲ್ಲಿಸುವ ಹೊತ್ತಿಗೇ ಬರಹದಲ್ಲಿ ಪ್ರಕಟಿಸಿ. ನಂತರ ಬೇರೆಯವರ ಬಾಯಿಂದ ಹೊರಬಿದ್ದರೆ ಅದೇ ಸಂಗತಿ ಆರೋಪದ ರೂಪ ತಾಳುತ್ತದೆ.

ಓದಬೇಕಾದ ಕಾಗದಪತ್ರಗಳು

ನಾಮಪತ್ರಕ್ಕೆ ಕೆಲವು ತಿಂಗಳು ಮೊದಲೇ ನಾಲ್ಕು ಬಗೆಯ ಕಾಗದಗಳನ್ನು ಸಂಪಾದಿಸಿ: ಸಂಘದ ಬೈಲಾ, ಇತ್ತೀಚಿನ ಕೆಲವು ವರ್ಷಗಳ ಲೆಕ್ಕಪರಿಶೋಧನಾ ವರದಿ, ಸರ್ವಸದಸ್ಯರ ಸಭೆಯ ನಡಾವಳಿ, ಮತ್ತು ಈಗ ಜಾರಿಯಲ್ಲಿರುವ ಒಪ್ಪಂದ. ಸಾಮೂಹಿಕ ಒಪ್ಪಂದವೇ ಇಲ್ಲದ ಸಂಘವಾದರೆ ಸದಸ್ಯರು ಸಾಮಾನ್ಯವಾಗಿ ಸಹಿ ಹಾಕುವ ಕರಾರುಪತ್ರಗಳ ಮಾದರಿಗಳನ್ನು ಸಂಗ್ರಹಿಸಿಕೊಳ್ಳಿ.

ಬೈಲಾದಲ್ಲಿ ನೋಡಬೇಕಾದದ್ದು ಸರಳ. ಸ್ಪರ್ಧಿಸಲು ಎಷ್ಟು ವರ್ಷದ ಸದಸ್ಯತ್ವ ಬೇಕು, ಚಂದಾ ಬಾಕಿ ತೀರಿಸಲು ಕೊನೆಯ ದಿನ ಯಾವುದು, ಸೂಚಕರೂ ಅನುಮೋದಕರೂ ಎಷ್ಟು ಮಂದಿ ಇರಬೇಕು, ಅಂಚೆ ಮತಕ್ಕೆ ಅಥವಾ ಆನ್‌ಲೈನ್ ಮತಕ್ಕೆ ಅವಕಾಶವಿದೆಯೇ, ಫಲಿತಾಂಶದ ಬಗ್ಗೆ ತಕರಾರು ಇದ್ದರೆ ಎಷ್ಟು ದಿನದೊಳಗೆ ಯಾರಿಗೆ ಸಲ್ಲಿಸಬೇಕು. ಯೋಗ್ಯ ಅಭ್ಯರ್ಥಿಯ ನಾಮಪತ್ರ ಒಂದು ಸಹಿಯ ಕೊರತೆಯಿಂದಲೋ ಬಾಕಿ ಚಂದಾದಿಂದಲೋ ತಿರಸ್ಕೃತವಾಗುವುದು ಯಾವ ಸಂಘದಲ್ಲೂ ಆಗಬಹುದಾದ ಸಂಗತಿ. ಆದ್ದರಿಂದ ಕೇಳಿದ್ದಕ್ಕಿಂತ ಇಬ್ಬರು ಹೆಚ್ಚು ಅನುಮೋದಕರ ಸಹಿ ಪಡೆದಿಡಿ.

ಲೆಕ್ಕಪತ್ರದಲ್ಲಿ ಮುಖ್ಯವಾಗಿ ಹುಡುಕಬೇಕಾದದ್ದು ಸಂಘದ ಆದಾಯಕ್ಕೂ ಸದಸ್ಯರ ಆದಾಯಕ್ಕೂ ಇರುವ ಸಂಬಂಧವನ್ನು. ಸಿನಿಮಾ ಮತ್ತು ಟೆಲಿವಿಷನ್ ಲೇಖಕರ ಸಂಘವಾದ ಅಮೆರಿಕದ ಪಶ್ಚಿಮ ಭಾಗದ ರೈಟರ್ಸ್ ಗಿಲ್ಡ್ ತನ್ನ ಸದಸ್ಯರ ಬರವಣಿಗೆಯ ಗಳಿಕೆಯಲ್ಲಿ ಶೇ. 1.5ರಷ್ಟನ್ನು ಚಂದಾ ಆಗಿ ಪಡೆಯುತ್ತದೆ. ಇಂಥ ವ್ಯವಸ್ಥೆಯಲ್ಲಿ ಕೆಲಸ ಕಡಿಮೆಯಾದ ವರ್ಷ ಸಂಘದ ಬೊಕ್ಕಸವೂ ಸೊರಗುತ್ತದೆ, ಅಂದರೆ ಸದಸ್ಯರಿಗೆ ಸಂಘ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಅದರ ಕೈ ಬಿಗಿಯಾಗುತ್ತದೆ. ವರ್ಷಕ್ಕೆ ಇಂತಿಷ್ಟು ಎಂದು ಎಲ್ಲರಿಂದಲೂ ಒಂದೇ ಮೊತ್ತ ಪಡೆಯುವ ಸಂಘಕ್ಕೆ ಈ ಏರಿಳಿತ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಅಲ್ಲಿ ಕಡಿಮೆ ಗಳಿಸುವವರ ಮೇಲೆ ಭಾರ ಹೆಚ್ಚು. ನಿಮ್ಮ ಸಂಘದ್ದು ಯಾವ ಬಗೆ ಎಂದು ತಿಳಿಯದೆ ಹೊಸ ಕಾನೂನು ನೆರವಿನ ನಿಧಿಯನ್ನೋ ಮುಷ್ಕರ ನಿಧಿಯನ್ನೋ ಭರವಸೆಯಾಗಿ ಕೊಡಬೇಡಿ.

ಇನ್ನೊಂದು ಮೂಲಭೂತ ಪ್ರಶ್ನೆಯೂ ಇದೆ. ನಿಮ್ಮ ಸದಸ್ಯರು ಕಾನೂನಿನ ಕಣ್ಣಿನಲ್ಲಿ ನೌಕರರೇ, ಸ್ವತಂತ್ರ ವೃತ್ತಿನಿರತರೇ? ಕೆಲವು ದೇಶಗಳಲ್ಲಿ ಸ್ವತಂತ್ರ ಲೇಖಕರು ಒಟ್ಟಾಗಿ ಕನಿಷ್ಠ ದರ ನಿಗದಿ ಮಾಡುವುದನ್ನು ಸ್ಪರ್ಧಾ ಕಾನೂನು ಕಾನೂನುಬಾಹಿರ ಬೆಲೆ ಕೂಟವೆಂದು ಪರಿಗಣಿಸುವ ಅಪಾಯವಿದೆ. ಈ ತೊಡಕನ್ನು ಸಡಿಲಿಸಲೆಂದೇ ಯುರೋಪಿಯನ್ ಆಯೋಗ 2022ರಲ್ಲಿ ಏಕಾಂಗಿ ಸ್ವಉದ್ಯೋಗಿಗಳ ಸಾಮೂಹಿಕ ಒಪ್ಪಂದಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ನಿಮ್ಮ ಸಂಘಕ್ಕೆ ಚೌಕಾಸಿ ಮಾಡುವ ಕಾನೂನುಬದ್ಧ ಅಧಿಕಾರ ಇದೆಯೇ, ಅಥವಾ ಮಾದರಿ ಕರಾರನ್ನು ಶಿಫಾರಸು ಮಾಡುವಷ್ಟಕ್ಕೆ ಅದರ ವ್ಯಾಪ್ತಿ ಮುಗಿಯುತ್ತದೆಯೇ ಎಂಬುದು ಗೊತ್ತಿದ್ದರೆ ಮಾತ್ರ ನೀವು ನೆರವೇರಿಸಬಲ್ಲ ಮಾತು ಕೊಡಬಲ್ಲಿರಿ.

ಹಳೆಯ ಒಪ್ಪಂದಗಳ ಪಾಠ

ಮಾಧ್ಯಮ ಬದಲಾವಣೆಯ ಬಗ್ಗೆ ಮಾತನಾಡುವ ಅಭ್ಯರ್ಥಿ ಇತಿಹಾಸದ ಕೆಲವು ತಿರುವುಗಳನ್ನಾದರೂ ವಿವರವಾಗಿ ಬಲ್ಲವರಾಗಿರಬೇಕು. ಹೊಸ ಯಂತ್ರ ಯಾವುದೇ ಇರಲಿ, ಲೇಖಕರು ಕಳೆದುಕೊಂಡದ್ದು ಹೆಚ್ಚಾಗಿ ಒಂದು ವಾಕ್ಯದ ಮೂಲಕ, ಪಡೆದುಕೊಂಡದ್ದೂ ಒಂದು ವಾಕ್ಯದ ಮೂಲಕ.

ಚಿತ್ರಮಂದಿರಕ್ಕೆಂದು ಮಾಡಿದ ಚಲನಚಿತ್ರಗಳು ಟೆಲಿವಿಷನ್ನಿನಲ್ಲಿ ಪ್ರಸಾರವಾಗತೊಡಗಿದಾಗ ಅದರ ಆದಾಯದಲ್ಲಿ ಲೇಖಕರಿಗೂ ಪಾಲು ಬೇಕೆಂಬುದು ಅಮೆರಿಕದ ಚಿತ್ರಕಥಾ ಲೇಖಕರ 1960ರ ಮುಷ್ಕರದ ಮುಖ್ಯ ಬೇಡಿಕೆಯಾಗಿತ್ತು. ಆ ಹಕ್ಕು ಸಿಕ್ಕಿತು. ಆದರೆ 1980ರ ದಶಕದಲ್ಲಿ ಮನೆಗೆ ವಿಡಿಯೊ ಟೇಪು ಬಂದಾಗ ಕಥೆ ಬೇರೆಯಾಯಿತು. ಟೇಪು ತಯಾರಿಸಿ ಹಂಚುವ ಖರ್ಚು ಹೆಚ್ಚೆಂಬ ಕಾರಣ ಕೊಟ್ಟು, ಮಾರಾಟದ ಆದಾಯದಲ್ಲಿ ಐದರಲ್ಲಿ ಒಂದು ಭಾಗವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು, ಆ ಭಾಗದ ಮೇಲೆ ಲೇಖಕರ ಶೇಕಡಾವಾರು ಪಾಲನ್ನು ಲೆಕ್ಕ ಹಾಕುವ ಸೂತ್ರ ನೆಲೆಯೂರಿತು. ಮುಂದೆ ತಯಾರಿಕೆಯ ವೆಚ್ಚ ಇಳಿಯಿತು, ಟೇಪಿನ ಜಾಗಕ್ಕೆ ಡಿವಿಡಿ ಬಂತು, ಮಾರಾಟ ಬೆಳೆಯಿತು. ಸೂತ್ರ ಮಾತ್ರ ಹಾಗೆಯೇ ಉಳಿಯಿತು. ಇಂತಿಷ್ಟು ವರ್ಷಕ್ಕೊಮ್ಮೆ ಈ ಲೆಕ್ಕವನ್ನು ಮರುಪರಿಶೀಲಿಸಬೇಕು ಎಂಬ ಒಂದು ಸಾಲು ಆರಂಭದಲ್ಲೇ ಇದ್ದಿದ್ದರೆ ಅದೊಂದು ತಾತ್ಕಾಲಿಕ ರಿಯಾಯಿತಿಯಾಗಿ ಮುಗಿಯುತ್ತಿತ್ತು. ಹೊಸ ಮಾಧ್ಯಮ ಇನ್ನೂ ಬೆಳೆಯುತ್ತಿದೆ, ಈಗಲೇ ಹೆಚ್ಚು ಕೇಳಬೇಡಿ ಎಂಬ ವಾದ ನಿಮ್ಮ ಮುಂದೆಯೂ ಬರುತ್ತದೆ. ಒಪ್ಪಬಹುದು, ಆದರೆ ರಿಯಾಯಿತಿಗೆ ಕೊನೆಯ ದಿನಾಂಕ ಬರೆಸಿಕೊಂಡೇ ಒಪ್ಪಬೇಕು.

2007ರ ನವೆಂಬರ್ 5ರಿಂದ 2008ರ ಫೆಬ್ರವರಿ 12ರವರೆಗೆ ಅದೇ ಲೇಖಕರು ಇಂಟರ್ನೆಟ್ ವಿತರಣೆಯ ವಿಷಯದಲ್ಲಿ ಕೆಲಸ ನಿಲ್ಲಿಸಿದ್ದು ಈ ಅನುಭವದ ಹಿನ್ನೆಲೆಯಲ್ಲಿ. ಆಗ ಆನ್‌ಲೈನ್ ಪ್ರದರ್ಶನದಿಂದ ಬರುತ್ತಿದ್ದ ಹಣ ಅಲ್ಪ. ಆದರೂ ನೇರವಾಗಿ ಇಂಟರ್ನೆಟ್ಟಿಗಾಗಿ ಬರೆಯುವ ಕೆಲಸ ಒಪ್ಪಂದದ ವ್ಯಾಪ್ತಿಗೆ ಬರಬೇಕೆಂದು ಅವರು ಪಟ್ಟು ಹಿಡಿದದ್ದರಿಂದ ಮುಂದೆ ಸ್ಟ್ರೀಮಿಂಗ್ ಉದ್ಯಮವೇ ಎದ್ದು ನಿಂತಾಗ ಸಂಘಕ್ಕೆ ಅದರೊಳಗೆ ಕಾಲಿಡಲು ನೆಲವಿತ್ತು. ಇದನ್ನು ಸದಸ್ಯರಿಗೆ ವಿವರಿಸಲು ಹಿಂಜರಿಯಬೇಡಿ: ಹಣ ಹುಟ್ಟುವ ಮೊದಲೇ ವ್ಯಾಪ್ತಿಯನ್ನು ಪಡೆಯಬೇಕಾಗುತ್ತದೆ.

ಪತ್ರಿಕಾ ಲೇಖಕರ ಅನುಭವ ಇನ್ನೊಂದು ದಿಕ್ಕಿನದು. ಮುದ್ರಣಕ್ಕೆಂದು ಕೊಂಡ ಲೇಖನಗಳನ್ನು ಪ್ರಕಾಶಕರು ಅನುಮತಿಯಿಲ್ಲದೆ ವಿದ್ಯುನ್ಮಾನ ದತ್ತಸಂಚಯಗಳಿಗೆ ಕೊಟ್ಟದ್ದನ್ನು ಪ್ರಶ್ನಿಸಿ ಸ್ವತಂತ್ರ ಲೇಖಕರು ಹೂಡಿದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 2001ರಲ್ಲಿ 7–2ರ ಬಹುಮತದಿಂದ ಲೇಖಕರ ಪರ ತೀರ್ಪಿತ್ತಿತು. ಮೊದಲ ಅರ್ಜಿದಾರರಾದ ಜೊನಾಥನ್ ಟಸೀನಿ ಅಲ್ಲಿನ ರಾಷ್ಟ್ರೀಯ ಲೇಖಕರ ಒಕ್ಕೂಟದ ಅಧ್ಯಕ್ಷರಾಗಿದ್ದವರು. ಗೆಲುವು ದೊಡ್ಡದು, ಆದರೆ ಅದರ ಬೆನ್ನಿಗೇ ಹಲವು ಲೇಖನಗಳು ದತ್ತಸಂಚಯಗಳಿಂದ ತೆಗೆದುಹಾಕಲ್ಪಟ್ಟವು, ಮತ್ತು ಎಲ್ಲ ಮಾಧ್ಯಮಗಳ ಹಕ್ಕನ್ನೂ ಒಟ್ಟಿಗೆ ಬರೆದುಕೊಡುವಂತೆ ಕೇಳುವ ಕರಾರುಗಳು ಸ್ವತಂತ್ರ ಲೇಖಕರ ಮುಂದೆ ಬಂದವು. ಒಬ್ಬೊಬ್ಬರಾಗಿ ಸಹಿ ಹಾಕುವ ಲೇಖಕರಿಗೆ ಅದನ್ನು ನಿರಾಕರಿಸುವ ಬಲವಿರಲಿಲ್ಲ. ನ್ಯಾಯಾಲಯದಲ್ಲಿ ಗೆದ್ದದ್ದನ್ನು ಕರಾರಿನಲ್ಲಿ ಕಳೆದುಕೊಳ್ಳದಂತೆ ತಡೆಯುವುದು ಸಂಘದಿಂದ ಮಾತ್ರ ಸಾಧ್ಯ.

ಶಾಸನದ ದಾರಿಯೂ ಇದೆ. ಭಾರತದ ಹಕ್ಕುಸ್ವಾಮ್ಯ ಕಾಯಿದೆಗೆ 2012ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಹಕ್ಕು ವರ್ಗಾವಣೆಯ ಸಮಯದಲ್ಲಿ ಅಸ್ತಿತ್ವದಲ್ಲೇ ಇರದ ಅಥವಾ ವಾಣಿಜ್ಯ ಬಳಕೆಗೆ ಬಂದಿರದ ಮಾಧ್ಯಮಕ್ಕೆ, ಕರಾರಿನಲ್ಲಿ ಅದನ್ನು ಸ್ಪಷ್ಟವಾಗಿ ಹೆಸರಿಸದ ಹೊರತು, ಆ ವರ್ಗಾವಣೆ ಅನ್ವಯಿಸುವುದಿಲ್ಲ. ಚಲನಚಿತ್ರದಲ್ಲಿ ಬಳಸಿದ ಸಾಹಿತ್ಯ ಮತ್ತು ಸಂಗೀತ ಕೃತಿಗಳ ಕರ್ತೃಗಳು, ಚಿತ್ರಮಂದಿರದ ಪ್ರದರ್ಶನದ ಹೊರಗಿನ ಬಳಕೆಗೆ ಸಲ್ಲುವ ರಾಯಧನದಲ್ಲಿ ತಮ್ಮ ಸಮಪಾಲನ್ನು ಕರಾರಿನ ಮೂಲಕ ಬಿಟ್ಟುಕೊಡಲಾಗದು ಎಂಬ ರಕ್ಷಣೆಯೂ ಅದೇ ತಿದ್ದುಪಡಿಯಿಂದ ಬಂತು. ಗೀತರಚನಕಾರ ಜಾವೇದ್ ಅಖ್ತರ್ ಅದರ ಪರವಾಗಿ ರಾಜ್ಯಸಭೆಯಲ್ಲಿ ಮಾತನಾಡಿದ್ದರು. ಚೌಕಾಸಿಯ ಬಲ ಕಡಿಮೆಯಿರುವ ಸಂಘಕ್ಕೆ ಶಾಸಕರನ್ನು ಒಪ್ಪಿಸುವ ಈ ಕೆಲಸ ಮುಷ್ಕರಕ್ಕಿಂತ ಹೆಚ್ಚು ಫಲ ಕೊಡಬಹುದು.

ಕೃತಕ ಬುದ್ಧಿಮತ್ತೆಯ ಬಗ್ಗೆ ನಿಲುವು

ಈಗಿನ ಯಾವ ಚುನಾವಣೆಯಲ್ಲೂ ಈ ಪ್ರಶ್ನೆ ಬಂದೇ ಬರುತ್ತದೆ. ಯಂತ್ರವನ್ನು ನಿಷೇಧಿಸುತ್ತೇವೆ ಎನ್ನುವುದೂ ಎಲ್ಲವೂ ತಾನಾಗಿ ಸರಿಹೋಗುತ್ತದೆ ಎನ್ನುವುದೂ ಉತ್ತರವಲ್ಲ. ಪ್ರಶ್ನೆಯನ್ನು ನಾಲ್ಕಾಗಿ ಬಿಡಿಸಿಕೊಳ್ಳಿ. ಸದಸ್ಯರ ಹಳೆಯ ಬರಹಗಳನ್ನು ಯಂತ್ರದ ತರಬೇತಿಗೆ ಬಳಸುವುದಕ್ಕೆ ಅನುಮತಿ ಮತ್ತು ಪರಿಹಾರ ಒಂದು. ಕೆಲಸದ ಜಾಗದಲ್ಲಿ ಯಂತ್ರ ಬಳಸುವಂತೆ ಲೇಖಕರನ್ನು ಒತ್ತಾಯಿಸಬಹುದೇ ಎಂಬುದು ಇನ್ನೊಂದು. ಯಂತ್ರ ಬರೆದ ಕರಡನ್ನು ಲೇಖಕರ ಕೈಗಿತ್ತು, ತಿದ್ದುಪಡಿಯ ಕಡಿಮೆ ದರ ಕೊಡುವುದು ಮೂರನೆಯದು. ಕೃತಿಯ ಮೇಲೆ ಯಾರ ಹೆಸರು ಇರಬೇಕೆಂಬುದು ನಾಲ್ಕನೆಯದು. ಇವುಗಳಲ್ಲಿ ಮೂರನೆಯದೇ ಸದಸ್ಯರ ಹೊಟ್ಟೆಪಾಡಿಗೆ ಅತ್ಯಂತ ಹತ್ತಿರದ್ದು, ಮತ್ತು ಸಾರ್ವಜನಿಕ ಚರ್ಚೆಯಲ್ಲಿ ಅತ್ಯಂತ ಕಡಿಮೆ ಕೇಳಿಬರುವಂಥದ್ದು.

ಅಮೆರಿಕದ ರೈಟರ್ಸ್ ಗಿಲ್ಡ್ 2023ರಲ್ಲಿ 148 ದಿನಗಳ ಮುಷ್ಕರದ ನಂತರ ಪಡೆದ ಒಪ್ಪಂದ ಈ ಬಿಡಿಸಿಕೊಳ್ಳುವಿಕೆಗೆ ಒಳ್ಳೆಯ ಮಾದರಿ. ಯಂತ್ರವನ್ನು ಲೇಖಕನೆಂದು ಪರಿಗಣಿಸುವಂತಿಲ್ಲ. ಅದು ತಯಾರಿಸಿದ ಪಠ್ಯವನ್ನು ಮೂಲಕೃತಿ ಎಂದು ಲೆಕ್ಕಕ್ಕೆ ಹಿಡಿದು ಲೇಖಕರ ಮನ್ನಣೆಯನ್ನೋ ಹಕ್ಕನ್ನೋ ಕುಗ್ಗಿಸುವಂತಿಲ್ಲ. ಅಂಥ ಪಠ್ಯವನ್ನು ಲೇಖಕರಿಗೆ ಕೊಟ್ಟರೆ ಅದು ಯಂತ್ರದ್ದೆಂದು ಕಂಪನಿ ತಿಳಿಸಲೇಬೇಕು. ಕಂಪನಿಯ ಒಪ್ಪಿಗೆಯಿದ್ದರೆ ಲೇಖಕರು ತಾವಾಗಿ ಯಂತ್ರದ ನೆರವು ಪಡೆಯಬಹುದು, ಆದರೆ ಕಂಪನಿ ಅದನ್ನು ಕಡ್ಡಾಯ ಮಾಡುವಂತಿಲ್ಲ. ತರಬೇತಿಯ ಪ್ರಶ್ನೆಯಲ್ಲಿ ಒಮ್ಮತ ಬರಲಿಲ್ಲ. ಅಂಥ ಬಳಕೆ ಸಲ್ಲದೆಂದು ವಾದಿಸುವ ಹಕ್ಕನ್ನು ಸಂಘ ಕಾಯ್ದಿರಿಸಿಕೊಂಡಿತು. ಅಭ್ಯರ್ಥಿಯಾದವರು ಈ ಕೊನೆಯ ನಡೆಯನ್ನು ವಿಶೇಷವಾಗಿ ಗಮನಿಸಬೇಕು. ಗೆಲ್ಲಲಾಗದ ಅಂಶವನ್ನು ಬಿಟ್ಟುಕೊಡದೆ, ತೆರೆದಿಟ್ಟುಕೊಂಡೇ ಒಪ್ಪಂದಕ್ಕೆ ಸಹಿ ಹಾಕುವ ದಾರಿಯೊಂದು ಇದೆ.

ತರಬೇತಿಯ ವಿಷಯದಲ್ಲಿ ನ್ಯಾಯಾಲಯಗಳು ಏನು ಹೇಳುತ್ತಿವೆ ಎಂಬುದನ್ನೂ ಮೂಲ ತೀರ್ಪುಗಳಿಂದಲೇ ತಿಳಿದುಕೊಳ್ಳಿ. ಪುಸ್ತಕ ಲೇಖಕರು ಕೃತಕ ಬುದ್ಧಿಮತ್ತೆಯ ಕಂಪನಿಯಾದ ಆಂಥ್ರಾಪಿಕ್‌ನ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಅಮೆರಿಕದ ಜಿಲ್ಲಾ ನ್ಯಾಯಾಲಯವೊಂದು 2025ರ ಜೂನ್‌ನಲ್ಲಿ, ಪುಸ್ತಕಗಳನ್ನು ತರಬೇತಿಗಾಗಿ ಬಳಸಿದ್ದು ನ್ಯಾಯಯುತ ಬಳಕೆಯೆಂದೂ (ಅಂದರೆ ಅನುಮತಿಯಿಲ್ಲದಿದ್ದರೂ ಕಾನೂನು ಒಪ್ಪುವ ಬಳಕೆ), ಕಳ್ಳಪ್ರತಿಗಳನ್ನು ಇಳಿಸಿಕೊಂಡು ಗ್ರಂಥಭಂಡಾರ ಮಾಡಿಕೊಂಡದ್ದು ಆ ರಕ್ಷಣೆಗೆ ಒಳಪಡದೆಂದೂ ಬೇರ್ಪಡಿಸಿ ಹೇಳಿತು. ಅದೇ ವರ್ಷ 150 ಕೋಟಿ ಡಾಲರುಗಳ ರಾಜಿಯಾಯಿತು. ಒಂದು ಕೃತಿಗೆ ಸುಮಾರು 3,000 ಡಾಲರ್. ಆದರೆ ಹಕ್ಕುಸ್ವಾಮ್ಯ ಕಚೇರಿಯಲ್ಲಿ ನಿಗದಿತ ಅವಧಿಯೊಳಗೆ ನೋಂದಣಿಯಾಗಿದ್ದ ಪುಸ್ತಕಗಳಿಗಷ್ಟೇ ಆ ರಾಜಿ ಅನ್ವಯಿಸಿತು. ನೋಂದಣಿ ಮಾಡಿಸದೆ ಉಳಿದವರು ಹೊರಗುಳಿದರು. ಸದಸ್ಯರ ಕೃತಿಗಳ ನೋಂದಣಿ, ಕರಾರುಗಳ ಪ್ರತಿ, ಪ್ರಕಟಣೆಯ ದಿನಾಂಕಗಳನ್ನು ಜೋಪಾನ ಮಾಡಿಸುವ ಸಹಾಯಕೇಂದ್ರ ನಡೆಸುತ್ತೇನೆ ಎನ್ನುವುದು ಪ್ರಣಾಳಿಕೆಯಲ್ಲಿ ಸಪ್ಪೆಯಾಗಿ ಕಾಣಬಹುದು. ನನ್ನ ದೃಷ್ಟಿಯಲ್ಲಿ ಸಂಘವೊಂದು ಇಂದು ಕೊಡಬಹುದಾದ ಅತ್ಯಂತ ಬೆಲೆಯುಳ್ಳ ಭರವಸೆ ಅದು.

ಸದಸ್ಯರ ಮಾತು ಕೇಳುವ ಹಂತ

ಪ್ರಣಾಳಿಕೆ ಬರೆಯುವ ಮೊದಲು ಸದಸ್ಯರೊಡನೆ ಒಬ್ಬೊಬ್ಬರಾಗಿ ಮಾತನಾಡಿ. ದೊಡ್ಡ ಸಭೆಯಲ್ಲಿ ಮಾತನಾಡುವವರು ಹೆಚ್ಚಾಗಿ ಹೆಸರು ಮಾಡಿದವರು; ಬಾಕಿ ಸಂಭಾವನೆಗಾಗಿ ತಿಂಗಳುಗಟ್ಟಲೆ ಕಾಯುತ್ತಿರುವವರು ಅಲ್ಲಿ ಬಾಯಿ ಬಿಡುವುದಿಲ್ಲ. ಹೊಸದಾಗಿ ಸೇರಿದವರು, ಬೇರೆಯವರ ಹೆಸರಿನಲ್ಲಿ ಬರೆದುಕೊಡುವವರು, ಅನುವಾದಕರು, ಸಂಭಾಷಣೆ ಮಾತ್ರ ಬರೆಯುವವರು, ವಯಸ್ಸಾಗಿ ಕೆಲಸ ಕಡಿಮೆಯಾದವರು, ಹೀಗೆ ಪ್ರತಿ ಗುಂಪಿನಿಂದಲೂ ಕೆಲವರನ್ನು ಹುಡುಕಿಕೊಂಡು ಹೋಗಬೇಕು. ನಿಮ್ಮ ಅಭಿಪ್ರಾಯ ಹೇಳುವುದಕ್ಕಿಂತ ಮೊದಲು ಮೂರು ಸಂಗತಿ ಕೇಳಿ: ಕಳೆದ ಕರಾರಿನಲ್ಲಿ ಅರ್ಥವಾಗದೆ ಸಹಿ ಹಾಕಿದ ಷರತ್ತು ಯಾವುದು, ಹಿಂದೆ ಸಿಗುತ್ತಿದ್ದು ಈಗ ನಿಂತಿರುವ ಕೆಲಸ ಯಾವುದು, ಸಂಘಕ್ಕೆ ದೂರು ಕೊಟ್ಟಿದ್ದರೆ ಏನಾಯಿತು.

ಕೇಳಿದ್ದನ್ನು ಬರೆದಿಡುವಾಗ ಹೆಸರು ಬಿಟ್ಟು ಬರೆಯಿರಿ. ಸಣ್ಣ ಉದ್ಯಮಗಳಲ್ಲಿ ದೂರು ಕೊಟ್ಟವರ ಗುರುತು ಬಯಲಾದರೆ ಮುಂದಿನ ಕೆಲಸವೇ ತಪ್ಪಿಹೋಗುತ್ತದೆ, ಮತ್ತು ಹಾಗೊಮ್ಮೆ ಆದರೆ ನಿಮ್ಮಲ್ಲಿ ಮತ್ತಾರೂ ಮನಸ್ಸು ಬಿಚ್ಚುವುದಿಲ್ಲ. ಯಂತ್ರದ ನೆರವು ಪಡೆದು ಬರೆಯುತ್ತಿರುವ ಸದಸ್ಯರೂ ಇರುತ್ತಾರೆ. ಅವರನ್ನು ತಪ್ಪಿತಸ್ಥರಂತೆ ನಡೆಸಿಕೊಳ್ಳಬೇಡಿ. ಅವರ ಅನುಭವವಿಲ್ಲದೆ ಕೆಲಸದ ಜಾಗದಲ್ಲಿ ಈ ಸಾಧನಗಳು ಹೇಗೆ ಬಳಕೆಯಾಗುತ್ತಿವೆ, ಗಡುವು ಹೇಗೆ ಕಿರಿದಾಗುತ್ತಿದೆ ಎಂಬುದು ಸಂಘಕ್ಕೆ ತಿಳಿಯುವುದೇ ಇಲ್ಲ.

ಪ್ರಣಾಳಿಕೆ

ಎರಡು ಪುಟಕ್ಕಿಂತ ಹೆಚ್ಚು ಬೇಡ. ಪ್ರತಿ ಭರವಸೆಯನ್ನೂ ನೆರವೇರಿತೋ ಇಲ್ಲವೋ ಎಂದು ಯಾರಾದರೂ ಪರೀಕ್ಷಿಸಬಹುದಾದ ರೂಪದಲ್ಲಿ ಬರೆಯಿರಿ. ‘ಡಿಜಿಟಲ್ ಯುಗದಲ್ಲಿ ಲೇಖಕರ ಹಿತ ಕಾಯುತ್ತೇನೆ’ ಎಂಬ ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅದರ ಬದಲು, ಮುಂದಿನ ಮಾತುಕತೆಯಲ್ಲಿ ಆಡಿಯೊ ಹಕ್ಕನ್ನು ಮುದ್ರಣದ ಹಕ್ಕಿನಿಂದ ಪ್ರತ್ಯೇಕಿಸಿ ಬರೆಸುವುದು, ಯಂತ್ರದ ಕರಡನ್ನು ತಿದ್ದುವ ಕೆಲಸಕ್ಕೆ ಮೂಲ ಬರವಣಿಗೆಯ ದರವನ್ನೇ ಕೇಳುವುದು, ವೇದಿಕೆಗಳು ವೀಕ್ಷಣೆಯ ಅಂಕಿಅಂಶಗಳನ್ನು ಸಂಘಕ್ಕೆ ಕೊಡುವಂತೆ ಮಾಡುವುದು, ಹೊಸ ಮಾಧ್ಯಮದ ಪ್ರತಿ ರಿಯಾಯಿತಿಗೂ ಮರುಪರಿಶೀಲನೆಯ ದಿನಾಂಕ ಹಾಕಿಸುವುದು ಎಂದು ಬರೆದರೆ, ಮತದಾರರ ಕೈಯಲ್ಲಿ ನಿಮ್ಮನ್ನು ಅಳೆಯುವ ಕೋಲು ಇರುತ್ತದೆ.

ಅಂಕಿಅಂಶದ ಬೇಡಿಕೆಯನ್ನು ಸಣ್ಣದೆಂದು ಭಾವಿಸಬೇಡಿ. ಮುದ್ರಿತ ಪ್ರತಿಗಳನ್ನು ಎಣಿಸಬಹುದಿತ್ತು, ಪ್ರಸಾರದ ಸಮಯವನ್ನು ಯಾರು ಬೇಕಾದರೂ ಗುರುತಿಸಬಹುದಿತ್ತು; ಸ್ಟ್ರೀಮಿಂಗ್‌ನಲ್ಲಿ ಎಷ್ಟು ಮಂದಿ ನೋಡಿದರೆಂಬುದು ಕಂಪನಿಗೆ ಮಾತ್ರ ಗೊತ್ತು. 2023ರ ಒಪ್ಪಂದದಲ್ಲಿ ಅಮೆರಿಕದ ಲೇಖಕರು ಗೋಪ್ಯತೆಯ ಷರತ್ತಿನೊಡನೆ ಈ ಅಂಕಿಗಳನ್ನು ಪಡೆದರು. ಅಧಿಕ ಬಜೆಟ್ಟಿನ ಸರಣಿಯ ಅಥವಾ ಚಿತ್ರದ ವೀಕ್ಷಣೆ ಮೊದಲ 90 ದಿನಗಳಲ್ಲಿ ದೇಶದ ಚಂದಾದಾರರ ಪೈಕಿ ಶೇ. 20 ಅಥವಾ ಹೆಚ್ಚಿನ ಪ್ರಮಾಣಕ್ಕೆ ಸಮನಾದರೆ ಹೆಚ್ಚುವರಿ ಸಂಭಾವನೆ ಎಂಬ ಷರತ್ತೂ ಸೇರಿತು. ಅಂಕಿಯೇ ಕೈಯಲ್ಲಿಲ್ಲದೆ ಪಾಲು ಕೇಳಲು ಬರುವುದಿಲ್ಲ.

ಪ್ರಣಾಳಿಕೆಯನ್ನು ನೀವೇ ಬರೆಯಿರಿ. ಲೇಖಕರ ಸಂಘಕ್ಕೆ ನಿಲ್ಲುವವರ ಬರಹ ಯಂತ್ರದ್ದೆಂದು ಗೊತ್ತಾದರೆ ಸದಸ್ಯರಿಗೆ ಆಗುವ ನೋವು ಸಹಜವಾದದ್ದು. ತಂಡವಾಗಿ ನಿಲ್ಲುವುದಾದರೆ ಎಲ್ಲರೂ ಒಪ್ಪಿದ ಅಂಶಗಳನ್ನೂ ವೈಯಕ್ತಿಕ ಅಭಿಪ್ರಾಯಗಳನ್ನೂ ಬೇರೆಬೇರೆಯಾಗಿ ನಮೂದಿಸಿ.

ಪ್ರಚಾರ

ಪ್ರಚಾರದ ನಿಯಮ ದೇಶದಿಂದ ದೇಶಕ್ಕೆ, ಸಂಘದಿಂದ ಸಂಘಕ್ಕೆ ಬೇರೆ. ಅಮೆರಿಕದಲ್ಲಿ ಕಾರ್ಮಿಕ ಸಂಘಗಳ ಚುನಾವಣೆಯನ್ನು 1959ರ ಕಾನೂನೊಂದು ನಿಯಂತ್ರಿಸುತ್ತದೆ: ರಹಸ್ಯ ಮತದಾನ ಕಡ್ಡಾಯ, ಮತದಾನಕ್ಕೆ ಕನಿಷ್ಠ 15 ದಿನ ಮೊದಲು ಸದಸ್ಯರಿಗೆ ಸೂಚನೆ ಹೋಗಬೇಕು, ಅಭ್ಯರ್ಥಿ ತನ್ನ ಖರ್ಚಿನಲ್ಲಿ ಪ್ರಚಾರಪತ್ರ ಕಳುಹಿಸಲು ಕೇಳಿದರೆ ಸಂಘ ಅದನ್ನು ತಲುಪಿಸಬೇಕು, ಸಂಘದ ಹಣವನ್ನಾಗಲೀ ಮಾಲೀಕರ ಹಣವನ್ನಾಗಲೀ ಯಾವ ಅಭ್ಯರ್ಥಿಯ ಪ್ರಚಾರಕ್ಕೂ ಬಳಸುವಂತಿಲ್ಲ. ನಿಮ್ಮಲ್ಲಿ ಇಂಥ ಕಾನೂನು ಇರಲಿ ಬಿಡಲಿ, ಈ ನಾಲ್ಕನ್ನೂ ಚುನಾವಣಾಧಿಕಾರಿಯ ಮುಂದೆ ಲಿಖಿತ ಬೇಡಿಕೆಯಾಗಿ ಇಡಬಹುದು. ಹಾಲಿ ಪದಾಧಿಕಾರಿಗಳು ಸಂಘದ ಪತ್ರಿಕೆ, ಇಮೇಲ್ ಪಟ್ಟಿ ಮತ್ತು ವಾಟ್ಸಾಪ್ ಗುಂಪುಗಳನ್ನು ತಮ್ಮ ಪ್ರಚಾರಕ್ಕೆ ಬಳಸುವುದು ಎಲ್ಲೆಡೆ ಕಾಣುವ ತಕರಾರು. ಎಲ್ಲ ಅಭ್ಯರ್ಥಿಗಳಿಗೂ ಸಮಾನ ಜಾಗ ಬೇಕೆಂದು ಆರಂಭದಲ್ಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ನಿಮ್ಮ ಖರ್ಚು ನಿಮ್ಮದೇ ಆಗಿರಲಿ. ಪ್ರಕಾಶನ ಸಂಸ್ಥೆ, ಸ್ಟುಡಿಯೊ, ತಂತ್ರಜ್ಞಾನ ಕಂಪನಿಗಳು ಊಟದ ಏರ್ಪಾಡಿನ ರೂಪದಲ್ಲಿ ಕೊಟ್ಟರೂ ನೆರವು ಸ್ವೀಕರಿಸಬೇಡಿ.

ಎದುರಾಳಿಗಳೊಂದಿಗೆ ಒಂದೇ ವೇದಿಕೆಯಲ್ಲಿ ಚರ್ಚೆಗೆ ಕೂರುವ ಅವಕಾಶವನ್ನು ನೀವೇ ಕೇಳಿ ಪಡೆಯಿರಿ. ಅಲ್ಲಿ ಹಾಲಿ ಸಮಿತಿ ಮಾಡಿದ ಒಳ್ಳೆಯ ಕೆಲಸವನ್ನು ಹೆಸರಿಸಿಯೇ ಭಿನ್ನಾಭಿಪ್ರಾಯ ಹೇಳಿ. ಇದು ಬರೀ ಸೌಜನ್ಯದ ಮಾತಲ್ಲ. ಚುನಾವಣೆ ಮುಗಿದ ಕೆಲವೇ ತಿಂಗಳಲ್ಲಿ ಎಲ್ಲರೂ ಒಂದೇ ಕಡೆ ನಿಂತು ಕಂಪನಿಗಳೊಡನೆ ಮಾತನಾಡಬೇಕಾಗಿರುತ್ತದೆ, ಮತ್ತು ಒಡಕಿನ ಸುದ್ದಿ ಎದುರು ಪಕ್ಷಕ್ಕೆ ಕ್ಷಣದಲ್ಲಿ ತಲುಪುತ್ತದೆ. 2023ರಲ್ಲಿ ರೈಟರ್ಸ್ ಗಿಲ್ಡ್‌ನ ಸದಸ್ಯರು ಮುಷ್ಕರದ ಅಧಿಕಾರವನ್ನು ಶೇ. 97.85ರಷ್ಟು ಮತಗಳಿಂದ ಮಾತುಕತೆಯ ಸಮಿತಿಗೆ ಕೊಟ್ಟಿದ್ದರು. ಅಷ್ಟು ಒಗ್ಗಟ್ಟು ಬೆನ್ನಿಗಿದ್ದರೆ ಮೇಜಿನ ಈ ಬದಿಯಲ್ಲಿ ಕುಳಿತವರ ಮಾತಿನ ತೂಕವೇ ಬೇರೆ.

ಪ್ರಚಾರದಲ್ಲೂ ಹೊಸ ಸಾಧನಗಳ ಅಪಾಯ ಇದ್ದೇ ಇದೆ. ನಕಲಿ ಧ್ವನಿ, ತಿರುಚಿದ ವಿಡಿಯೊ, ಕತ್ತರಿಸಿ ಅಂಟಿಸಿದ ಸಂದೇಶದ ಚಿತ್ರ, ಇವು ಮತದಾನದ ಹಿಂದಿನ ರಾತ್ರಿ ಹರಿದಾಡಬಹುದು. ನಿಮ್ಮ ಅಧಿಕೃತ ಹೇಳಿಕೆಗಳು ಯಾವ ಒಂದು ಜಾಗದಲ್ಲಿ ಮಾತ್ರ ಪ್ರಕಟವಾಗುತ್ತವೆಂದು ಮೊದಲೇ ತಿಳಿಸಿಬಿಡಿ. ಉಳಿದದ್ದನ್ನು ನಂಬಬೇಕಿಲ್ಲವೆಂದು ಹೇಳಲು ಆಗ ಸುಲಭ. ಸದಸ್ಯರ ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಚುನಾವಣೆಯ ಹೊರಗಿನ ಯಾವ ಕೆಲಸಕ್ಕೂ ಬಳಸಬೇಡಿ.

ಮತದಾನ ಮತ್ತು ಎಣಿಕೆ

ಕರಡು ಮತದಾರರ ಪಟ್ಟಿ ಬಂದ ದಿನವೇ ಪರಿಶೀಲಿಸಿ. ಚಂದಾ ಕಟ್ಟಿದ್ದರೂ ಹೆಸರು ಬಿಟ್ಟುಹೋದವರು, ವಿಳಾಸ ಬದಲಾದವರು, ನಿಧನರಾದವರ ಹೆಸರು ಉಳಿದಿರುವುದು, ಎಲ್ಲವನ್ನೂ ತಿದ್ದಿಸಲು ಆಗ ಮಾತ್ರ ಸಮಯವಿರುತ್ತದೆ. ಆನ್‌ಲೈನ್ ಮತದಾನವಾದರೆ ಯಾರು ಮತ ಹಾಕಿದರು ಎಂಬ ದಾಖಲೆಯೂ ಯಾರಿಗೆ ಹಾಕಿದರು ಎಂಬ ದಾಖಲೆಯೂ ಪ್ರತ್ಯೇಕವಾಗಿ ಇರುತ್ತವೆಯೇ, ವ್ಯವಸ್ಥೆಯನ್ನು ಸಂಘದ ಹೊರಗಿನವರು ನಡೆಸುತ್ತಾರೆಯೇ, ಎಣಿಕೆಯನ್ನು ನಂತರ ಮರುಪರಿಶೀಲಿಸಲು ಬರುತ್ತದೆಯೇ ಎಂದು ಕೇಳಿ. ಎಣಿಕೆಯ ಜಾಗದಲ್ಲಿ ನಿಮ್ಮ ಪರವಾಗಿ ಕೂರುವವರು ಜಗಳಗಂಟರಾಗಿರಬಾರದು, ನಿಯಮ ಬಲ್ಲವರಾಗಿರಬೇಕು. ತಕರಾರು ಇದ್ದರೆ ಅಲ್ಲೇ ಬರೆದುಕೊಡಿ. ಪತ್ರಿಕೆಗೆ ಹೋಗುವುದು ಕೊನೆಯ ದಾರಿ.

ಫಲಿತಾಂಶದ ನಂತರ

ಗೆದ್ದರೆ ಮೊದಲ ವಾರದಲ್ಲೇ ಹಿಂದಿನ ಪದಾಧಿಕಾರಿಗಳಿಂದ ಬ್ಯಾಂಕಿನ ಸಹಿ ಅಧಿಕಾರ, ಬಾಕಿ ಮೊಕದ್ದಮೆಗಳ ಕಡತ, ಸದಸ್ಯರ ದತ್ತಾಂಶದ ಪಾಸ್‌ವರ್ಡುಗಳು, ಮಾತುಕತೆಯ ಟಿಪ್ಪಣಿಗಳನ್ನು ಪಟ್ಟಿ ಮಾಡಿ ಪಡೆದುಕೊಳ್ಳಿ. ಒಪ್ಪಂದದ ಅವಧಿ ಮುಗಿಯುವ ದಿನದಿಂದ ಹಿಂದಕ್ಕೆ ಎಣಿಸಿ ಕೆಲಸದ ವೇಳಾಪಟ್ಟಿ ಹಾಕಿ: ಬೇಡಿಕೆಗಳ ಸಮೀಕ್ಷೆ ಯಾವಾಗ, ಕರಡು ಯಾವಾಗ, ಸರ್ವಸದಸ್ಯರ ಸಭೆಯ ಒಪ್ಪಿಗೆ ಯಾವಾಗ. ಸೋತ ಅಭ್ಯರ್ಥಿಗಳಲ್ಲಿ ತಂತ್ರಜ್ಞಾನವನ್ನೋ ಕಾನೂನನ್ನೋ ಚೆನ್ನಾಗಿ ಬಲ್ಲವರಿದ್ದರೆ ಅವರನ್ನು ಉಪಸಮಿತಿಗೆ ಕರೆಯಿರಿ. ಮಾತುಕತೆ ನಡೆಯುವಾಗ ಎಲ್ಲವನ್ನೂ ಬಹಿರಂಗಪಡಿಸಲಾಗದು. ಆದರೆ ಏನನ್ನು ಹೇಳಲಾಗದು, ಏಕೆ, ಎಂದಿನವರೆಗೆ ಎಂಬುದನ್ನು ಸದಸ್ಯರಿಗೆ ಹೇಳಲು ಅಡ್ಡಿಯಿಲ್ಲ.

ಸೋತರೆ ನೀವು ಸಂಗ್ರಹಿಸಿದ ಸದಸ್ಯರ ಅಹವಾಲುಗಳನ್ನು, ಹೆಸರುಗಳಿಲ್ಲದೆ, ಹೊಸ ಸಮಿತಿಗೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ. ಅವರು ನಿಮ್ಮನ್ನು ನಂಬಿ ಹೇಳಿದ್ದು ಸಂಘದ ಕಿವಿಗೆ ಬೀಳಲೆಂದು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಆ ಅಂಶಗಳ ಮೇಲೆ ಏನು ಕ್ರಮವಾಯಿತೆಂದು ಕೇಳುವ ಹಕ್ಕು ನಿಮಗೆ ಸಾಮಾನ್ಯ ಸದಸ್ಯರಾಗಿಯೇ ಇರುತ್ತದೆ. ಸಭೆಯ ಸೂಚನೆ ಹೊರಟ ಕೂಡಲೇ ಪ್ರಶ್ನೆಯನ್ನು ಲಿಖಿತವಾಗಿ ಕಾರ್ಯಸೂಚಿಗೆ ಸೇರಿಸಲು ಕಳುಹಿಸಿಕೊಡಿ.